ಓದಿದವರು ಬರೆಯುವಂತಿಲ್ಲ

ಮಾರ್ಚ್ 3, ಸೋಮವಾರ

ಕಂಪನಿಯ ನೋಟೀಸು ಇವತ್ತು ಬಂತು. ದಪ್ಪ ಲಕೋಟೆ, ಒಳಗೆ ಹನ್ನೊಂದು ಪುಟ, ಅದರಲ್ಲಿ ಹತ್ತು ಪುಟ ಬರೀ ಬೆದರಿಕೆ. ಸಹಿ ಮಾಡಿ ತೆಗೆದುಕೊಂಡವರು ಅತ್ತಿಗೆ. ನಿಂತಲ್ಲೇ ಓದಿ, ನನ್ನ ಮೇಜಿನ ಮೇಲಿಟ್ಟು ಹೋದರು.

ಈ ಪುಸ್ತಕವನ್ನು ನಾನೊಬ್ಬಳೇ ಓದುವುದು. ಆದರೂ ತಲೆ ಕೆಟ್ಟಾಗ ಎಲ್ಲವನ್ನೂ ಮೊದಲಿಂದ ಬರೆದುಕೊಂಡರೆ ದಾರಿ ಕಾಣುತ್ತದೆ. ಮೂವತ್ತು ವರ್ಷದ ಹಿಂದೆ ಮನೆಮನೆಯಲ್ಲಿ ಟೀವಿಗೆ ಸಿಕ್ಕಿಸಿ ಆಡುತ್ತಿದ್ದ ಒಂದು ಆಟದ ಯಂತ್ರವಿದೆ. ನಮ್ಮ ಮನೆಯಲ್ಲಿ ಅದರ ಹೆಸರು ಡಬ್ಬ. ಕಂಪನಿ ಅದನ್ನು ತಯಾರಿಸುವುದು ಬಿಟ್ಟು ಎಷ್ಟು ಕಾಲವಾಯಿತೋ. ಅಲ್ಲಿ ಇಲ್ಲಿ ಉಳಿದವೂ ಒಂದೊಂದಾಗಿ ಕೆಟ್ಟು ಕೂರುತ್ತಿವೆ. ಅದರ ಆಟಗಳನ್ನು ಇವತ್ತಿನ ಕಂಪ್ಯೂಟರಿನಲ್ಲಿ ಆಡಿಸುವ ಎಮ್ಯುಲೇಟರ್ ನಮ್ಮದು. ಅಂದರೆ ಕಂಪ್ಯೂಟರು ತಾನೇ ಡಬ್ಬ ಎಂದು ನಟಿಸುವಂತೆ ಮಾಡುವ ಪ್ರೋಗ್ರಾಮು. ಅದಕ್ಕೆ ನಾವಿಟ್ಟ ಹೆಸರು ಮರಿ. ಜೂನ್‌ನಲ್ಲಿ ನಗರದ ಗ್ರಂಥಾಲಯದವರು ಹಳೆಯ ಆಟಗಳಿಗೆಂದೇ ಒಂದು ಕೋಣೆ ತೆರೆಯುತ್ತಾರೆ. ಅಲ್ಲಿ ಓಡಬೇಕಾದದ್ದು ನಮ್ಮ ಮರಿಯೇ.

ನಟಿಸುವುದು ತಪ್ಪಲ್ಲ, ಕದಿಯುವುದು ತಪ್ಪು ಎನ್ನುತ್ತಾರೆ ನಮ್ಮ ವಕೀಲಮ್ಮ. ಡಬ್ಬದ ಹೊಟ್ಟೆಯಲ್ಲಿ ಕಂಪನಿಯವರು ಬರೆದ ಮೂಲ ಪ್ರೋಗ್ರಾಮು ಇದೆ. ಅದರ ಒಂದು ಸಾಲನ್ನೂ ನಕಲು ಮಾಡುವಂತಿಲ್ಲ. ಅದು ಮಾಡುವ ಕೆಲಸವನ್ನು ನಮ್ಮದೇ ಸಾಲುಗಳಲ್ಲಿ ಹೊಸದಾಗಿ ಬರೆದುಕೊಳ್ಳಬಹುದು. ಅದಕ್ಕೇ ಈ ಮನೆಯ ವ್ಯವಸ್ಥೆ. ಮಹಡಿಯ ಮೇಲೆ ಅಣ್ಣ ಮೂಲವನ್ನು ಓದಿ, ಅದು ಏನು ಮಾಡುತ್ತದೆ ಎಂದು ಹಾಳೆಯ ಮೇಲೆ ಮಾತಿನಲ್ಲಿ ಬರೆಯುತ್ತಾನೆ. ಹೇಗೆ ಮಾಡುತ್ತದೆ ಎಂದು ಬರೆಯುವಂತಿಲ್ಲ. ಅತ್ತಿಗೆ ಆ ಹಾಳೆಯನ್ನು ಓದಿ, ಸಂಖ್ಯೆ ಹಾಕಿ, ನೋಂದಣಿ ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ನನಗೆ ತಂದು ಕೊಡುತ್ತಾರೆ. ಅದನ್ನು ನೋಡಿ ನಾನು ಪ್ರೋಗ್ರಾಮು ಬರೆಯುತ್ತೇನೆ. ನಾನು ಮೂಲವನ್ನು ನೋಡುವಂತಿಲ್ಲ, ಅಣ್ಣ ನನ್ನ ಬರಹವನ್ನು ಮುಟ್ಟುವಂತಿಲ್ಲ, ಊಟದ ಮೇಜಿನಲ್ಲಿ ಕೆಲಸದ ಮಾತು ಎತ್ತುವಂತಿಲ್ಲ. ಓದಿದವರು ಬರೆಯುವಂತಿಲ್ಲ, ಅಷ್ಟೇ. ಒಂದೇ ಸೂರಿನಡಿ ಆರು ವರ್ಷ ಹೀಗೆ ಕಳೆದಿದ್ದೇವೆ. ನೋಡಿದವರು ಇವರಿಗೆ ಹುಚ್ಚು ಎನ್ನುತ್ತಾರೆ. ಎನ್ನಲಿ.

ನೋಟೀಸಿನಲ್ಲಿ ಕೆಲಸದ ಮಾತಿರುವುದು ಒಂದೇ ಪುಟದಲ್ಲಿ. ಆಟ ತುಂಬಿದ ಡಿಸ್ಕ್ ಓದಲಾಗದಿದ್ದರೆ ಡಬ್ಬ ಹದಿನಾರು ಸಲ ಮತ್ತೆ ಯತ್ನಿಸಬೇಕಿತ್ತಂತೆ. ಬರೆದವರ ಕೈತಪ್ಪಿನಿಂದ ಹದಿನೇಳು ಸಲ ಯತ್ನಿಸುತ್ತದಂತೆ. ಮರಿಯೂ ಹದಿನೇಳೇ ಸಲ. ಸ್ವತಂತ್ರವಾಗಿ ಬರೆದವರು ನಮ್ಮ ತಪ್ಪನ್ನೂ ಹೇಗೆ ಬರೆದರು ಎಂಬುದು ಅವರ ಪ್ರಶ್ನೆ. ಉತ್ತರಕ್ಕೆ ಮೂವತ್ತು ದಿನ ಗಡುವು.

ನನ್ನ ಪ್ರೋಗ್ರಾಮು ತೆಗೆದು ನೋಡಿದೆ. ಹೌದು, ಹದಿನೇಳು. ಆ ಸಾಲು ಬರೆದ ನೆನಪೇ ನನಗಿಲ್ಲ!

ಮಾರ್ಚ್ 4, ಮಂಗಳವಾರ

ವಕೀಲಮ್ಮ ಬಂದಿದ್ದರು. ನಮ್ಮ ಮೂವರನ್ನೂ ಒಟ್ಟಿಗೆ ಕೂರಿಸಿಕೊಳ್ಳಲಿಲ್ಲ. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಮುಚ್ಚಿ ಮಾತಾಡಿದರು. ಅಣ್ಣನ ಜೊತೆ ನಲವತ್ತು ನಿಮಿಷ, ಅತ್ತಿಗೆಯ ಜೊತೆ ಅರ್ಧ ಗಂಟೆ, ನನ್ನ ಜೊತೆ ಹತ್ತೇ ನಿಮಿಷ.

"ಇವತ್ತಿಂದ ನೀವು ಮೂವರೂ ಈ ವಿಷಯ ಒಬ್ಬರ ಹತ್ರ ಒಬ್ಬರು ಎತ್ತಬಾರ್ದು. ಯಾವ ಹಾಳೆ, ಯಾವ ಸಾಲು, ಏನೂ ಕೇಳಬೇಡಿ. ಒಂದು ಚೀಟೀನೂ ಬಿಸಾಡಬೇಡಿ," ಎಂದರು.

"ಮೇಡಂ, ಒಂದೇ ಮನೇಲಿ ಇದೀವಿ."

"ಅದಕ್ಕೇ ಹೇಳ್ತಿರೋದು."

ಅಣ್ಣನಿಗೆ ನಲವತ್ತು ನಿಮಿಷ ಹೇಳುವಂಥದ್ದು ಏನಿತ್ತು?

ಮಾರ್ಚ್ 6, ಗುರುವಾರ

ಯಾವ ಸಾಲು ಯಾವಾಗ ಬಂತು ಎಂಬ ದಾಖಲೆ ಕಂಪ್ಯೂಟರಿನಲ್ಲೇ ಇರುತ್ತದೆ. ಹದಿನೇಳರ ಸಾಲು ಸೇರಿದ್ದು ಹೋದ ವರ್ಷ ಆಗಸ್ಟ್ 19ರಂದು, ನನ್ನ ಹೆಸರಿನಲ್ಲಿ, ನನ್ನ ಯಂತ್ರದಿಂದಲೇ. ಹಳೆಯ ದಿನಚರಿ ತೆಗೆದೆ. ಆ ವಾರ ನಾನು ದವಡೆ ಹಲ್ಲು ಕೀಳಿಸಿಕೊಂಡು, ಮುಖ ಊದಿಸಿಕೊಂಡು, ಜ್ವರದಲ್ಲಿ ಬಿದ್ದಿದ್ದೆ. ಹತ್ತೊಂಬತ್ತರ ಪುಟದಲ್ಲಿ "ಥೂ, ಹಾಳಾದ ಹಲ್ಲು" ಎಂದಷ್ಟೇ ಇದೆ.

ಹಾಗಾದರೆ ಬರೆದವರು ಯಾರು? ನನ್ನ ಕೋಣೆಗೆ ಬೀಗವಿಲ್ಲ. ನನ್ನ ಪಾಸ್‌ವರ್ಡು ಅಣ್ಣನಿಗೆ ಚಿಕ್ಕಂದಿನಿಂದ ಗೊತ್ತು, ನಾನು ಅದನ್ನು ಬದಲಾಯಿಸಿಯೇ ಇಲ್ಲ.

ಹಾಳೆಗಳ ಕಡತ ತೆಗೆದೆ. ಇನ್ನೂರರವರೆಗೆ ಸರಿಯಾಗಿದೆ. ಆಮೇಲೆ ನೆಟ್ಟಗೆ ಇನ್ನೂರ ಮೂವತ್ತೊಂದು. ನಡುವಿನ ಮೂವತ್ತು ಹಾಳೆ ಮಾಯ. ಆಗಸ್ಟ್ ತಿಂಗಳದ್ದೇ ಅವು! ನೇರವಾಗಿ ಅತ್ತಿಗೆಯ ಹತ್ತಿರ ಹೋದೆ.

"ಅತ್ತಿಗೆ, ಕಡತದಲ್ಲಿ ಮೂವತ್ತು ಹಾಳೆ ಇಲ್ಲ. ಎಲ್ಲಿ?"

ಅವರು ಬಟ್ಟೆ ಮಡಿಚುತ್ತಿದ್ದರು. ತಲೆ ಎತ್ತಲಿಲ್ಲ. "ಅದನ್ನ ನನ್ನ ಕೇಳಬೇಡ ಕಣೆ."

"ಮತ್ತೆ ಯಾರನ್ನ ಕೇಳಲಿ?"

"ಯಾರನ್ನೂ ಕೇಳಬೇಡ."

ನೋಂದಣಿ ಪುಸ್ತಕ ಬರೆಯುವವರಿಗೇ ಹಾಳೆ ಎಲ್ಲಿದೆ ಎಂದು ಹೇಳಲು ಬಾಯಿಲ್ಲ ಎಂದರೆ ಏನರ್ಥ? ಅಷ್ಟೂ ಅರ್ಥವಾಗದಿರಲು ನಾನೇನು ಹಸುಗೂಸೇ?

ಮಾರ್ಚ್ 8, ಶನಿವಾರ

ಊಟಕ್ಕೆ ಕೂತಾಗ ಅಣ್ಣ ಎಂದಿನಂತೆ ತಮಾಷೆ ಮಾಡಿದ. ನಾನು ಸಾರಿಗೆ ಉಪ್ಪು ಜಾಸ್ತಿ ಹಾಕಿದ್ದೆನಂತೆ, ವಕೀಲಮ್ಮನಿಗೆ ಹೇಳಿ ನನಗೂ ಒಂದು ನೋಟೀಸು ಕೊಡಿಸುತ್ತಾನಂತೆ. ಅತ್ತಿಗೆ ನಕ್ಕರು. ನಾನೂ ನಕ್ಕೆ, ಆದರೆ ಅವನ ಕೈ ನೋಡುತ್ತ ನಕ್ಕೆ.

ಆ ಕೈಯ ವಿಷಯ ಬರೆಯಬೇಕು. ನಮ್ಮಿಬ್ಬರಲ್ಲಿ ಚೆನ್ನಾಗಿ ಪ್ರೋಗ್ರಾಮು ಬರೆಯುತ್ತಿದ್ದವನು ಅವನು. ನನಗೆ ಕಲಿಸಿದವನೂ ಅವನೇ. ಆರು ವರ್ಷದ ಹಿಂದೆ ವಕೀಲಮ್ಮ "ಓದಿದವರು ಮತ್ತೆ ಇದರಲ್ಲಿ ಒಂದು ಸಾಲೂ ಬರೆಯೋ ಹಾಗಿಲ್ಲ, ಯಾರು ಓದ್ತೀರಿ ಯೋಚನೆ ಮಾಡಿ" ಎಂದಾಗ, ಯೋಚನೆ ಗೀಚನೆ ಏನೂ ಇಲ್ಲದೆ "ನಾನು ಓದ್ತೀನಿ, ಅವಳು ಬರೀಲಿ" ಎಂದುಬಿಟ್ಟ. ಆಗ ನನಗೆ ಕಣ್ಣು ತುಂಬಿ ಬಂದಿತ್ತು.

ಈಗ ಅನಿಸುತ್ತದೆ, ಬರೆಯುವುದೇ ಉಸಿರಾಗಿದ್ದವನ ಕೈ ಆರು ವರ್ಷ ಸುಮ್ಮನಿರುತ್ತದೆಯೇ? ಯಾವತ್ತೋ ಒಂದು ದಿನ ಕೈ ತುರಿಸಿರುತ್ತದೆ. ತಂಗಿ ಜ್ವರದಲ್ಲಿ ಮಲಗಿದ್ದಾಳೆ, ಯಂತ್ರ ತೆರೆದೇ ಇದೆ, ತಲೆಯಲ್ಲಿ ಮೂಲ ಬಾಯಿಪಾಠವಾಗಿದೆ. ಎರಡು ಸಾಲು ತಾನೇ ಎಂದು ಕೂತಿರುತ್ತಾನೆ. ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಕಳ್ಳ ಎಂದು ಹೇಳುತ್ತಿದ್ದೇನೆ, ಅಷ್ಟೇ. ಅತ್ತಿಗೆ ಗಂಡನನ್ನು ಮುಚ್ಚಿಡುತ್ತಿದ್ದಾರೆ. ಮುಚ್ಚಿಡದೆ ಇನ್ನೇನು ನನ್ನ ಪರ ನಿಲ್ಲುತ್ತಾರೆಯೇ? ಎಷ್ಟಾದರೂ ಹೊರಗಿಂದ ಬಂದವರು.

ಮಾರ್ಚ್ 11, ಮಂಗಳವಾರ

ಬೆಳಿಗ್ಗೆ ಒಂಬತ್ತೂವರೆಗೆ ಅಣ್ಣ ಒಂದು ದೊಡ್ಡ ಚೀಲ ಹೊತ್ತು ಮೆಟ್ಟಿಲಿಳಿದ. ಚೀಲದ ಬಾಯಿಯಲ್ಲಿ ಕಾಗದದ ಅಂಚು ಕಾಣುತ್ತಿತ್ತು. "ಎಲ್ಲಿಗೆ?" ಎಂದರೆ "ಇಲ್ಲೇ," ಎಂದ. ಒಂದು ಚೀಟೀನೂ ಬಿಸಾಡಬೇಡಿ ಎಂದಿರುವಾಗ ಇವನು ಚೀಲಗಟ್ಟಲೆ ಕಾಗದ ಸಾಗಿಸುತ್ತಿದ್ದಾನೆ!

ಚಪ್ಪಲಿ ಮೆಟ್ಟಿಕೊಂಡು ಹಿಂದೆಯೇ ಹೋದೆ. ಇಸ್ತ್ರಿ ಅಂಗಡಿಯ ಮುಂದೆ ನಿಂತು ಬಟ್ಟೆ ಎಣಿಸುವವಳ ಹಾಗೆ ನಟಿಸಿದೆ. ಅಂಗಡಿಯವನು "ನಿಮ್ಮ ಬಟ್ಟೆ ಕೊಟ್ಟೇ ಇಲ್ವಲ್ಲ ಅಕ್ಕ," ಎಂದ. ಅಣ್ಣ ಬಸ್ ನಿಲ್ದಾಣದಲ್ಲಿ ಚೀಲವನ್ನು ನೆಲಕ್ಕೂ ಇಡದೆ ತೋಳಲ್ಲಿ ಅಪ್ಪಿಕೊಂಡು ನಿಂತಿದ್ದ. ಬಸ್ ಬಂತು, ಹತ್ತಿದ, ಹೋದ. ನಾನು ಹತ್ತುವಷ್ಟರಲ್ಲಿ ಬಾಗಿಲು ಮುಚ್ಚಿತು. ನಲವತ್ತೆರಡು ವರ್ಷದ ಹೆಂಗಸು ನಡುರಸ್ತೆಯಲ್ಲಿ ಬಸ್ಸಿನ ಹಿಂದೆ ಓಡಿದ್ದನ್ನು ಅರ್ಧ ಬೀದಿ ನೋಡಿತು.

ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದ. ಊಟದ ಮೇಜಿನಲ್ಲಿ ಅವನು ಚೀಲದ ಮಾತೆತ್ತಲಿಲ್ಲ, ನಾನು ಬಸ್ಸಿನ ಮಾತೆತ್ತಲಿಲ್ಲ.

ಮಾರ್ಚ್ 12, ಬುಧವಾರ

ಕೋಣೆಯಿಂದ ಹೊರಗೆ ಹೋಗುವಾಗಲೆಲ್ಲ ಕೀಬೋರ್ಡಿನ ಮೇಲೆ ಒಂದು ಬಿಳಿ ದಾರ ಇಟ್ಟು ಹೋಗುತ್ತಿದ್ದೇನೆ. ಸಂಜೆ ಬಂದು ನೋಡಿದರೆ ದಾರ ನೆಲದ ಮೇಲೆ! ಕೂಗಾಡಬೇಕೆನ್ನುವಷ್ಟರಲ್ಲಿ ಅತ್ತಿಗೆ ಧೂಳು ಹೊಡೆಯುವ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಧೂಳು ಹೊಡೆಯಲು ಇವತ್ತೇ ನೆನಪಾಗಬೇಕಿತ್ತೇ ಇವರಿಗೆ?

ಮಾರ್ಚ್ 14, ಶುಕ್ರವಾರ

ಡಿಸ್ಕ್ ಬದಲಾಯಿಸುವ ಭಾಗ ಎರಡು ವಾರದಿಂದ ಕೆಟ್ಟು ನಿಂತಿದೆ. ಹಾಳೆಯನ್ನು ಎಷ್ಟು ಸಲ ಓದಿದರೂ ತಲೆಗೆ ಹತ್ತುತ್ತಿಲ್ಲ.

ಮಾರ್ಚ್ 17, ಸೋಮವಾರ

ದೊಡ್ಡ ದಿನ. ಮೊದಲೇ ಬರೆದುಬಿಡುತ್ತೇನೆ: ಅಣ್ಣ ತಪ್ಪು ಮಾಡಿಲ್ಲ!

ಹನ್ನೊಂದು ಗಂಟೆಗೆ ಅತ್ತಿಗೆ ಕನ್ನಡಕ ಬದಲಾಯಿಸಲು ಕಣ್ಣಿನ ಡಾಕ್ಟರ ಹತ್ತಿರ ಹೊರಟರು. ಅಣ್ಣನೂ ಜೊತೆಗೆ ಹೋದ. ಮಹಡಿ ಕೋಣೆಯ ಎರಡನೇ ಕೀಲಿ ಅತ್ತಿಗೆಯ ಮೇಜಿನ ಡ್ರಾಯರಿನಲ್ಲಿ, ರಬ್ಬರ್ ಬ್ಯಾಂಡಿನ ಡಬ್ಬಿಯಲ್ಲಿರುತ್ತದೆ ಎಂದು ನಾನು ಹೋದ ವಾರವೇ ಪತ್ತೆ ಮಾಡಿದ್ದೆ. ಮಾಡದೆ ಏನು ಮಾಡಲಿ? ಆರು ವರ್ಷದ ನನ್ನ ಕೆಲಸ ಕಳ್ಳಮಾಲು ಎನಿಸಿಕೊಳ್ಳುತ್ತಿದೆ, ನಾನು ಕೈಕಟ್ಟಿ ಕೂರಲೇ?

ಆರು ವರ್ಷದಲ್ಲಿ ಮೊದಲ ಸಲ ಆ ಕೋಣೆಗೆ ಕಾಲಿಟ್ಟೆ. ಒಂದು ಮೇಜು, ಒಂದು ಕುರ್ಚಿ, ಕಿಟಕಿಗೆ ದಪ್ಪ ಪರದೆ. ಸವೆದ ಪೆನ್ಸಿಲ್ ತುಂಡುಗಳು ಒಂದು ಲೋಟದ ತುಂಬ. ಗೋಡೆಗೆ ಏನನ್ನೂ ಅಂಟಿಸಿಲ್ಲ. ಮೇಜಿನ ಮೇಲೆ ಮೂಲದ ಮುದ್ರಿತ ಪ್ರತಿ, ಅಂಚಿನಲ್ಲೆಲ್ಲ ಅಣ್ಣನ ಸಣ್ಣ ಅಕ್ಷರ. ನನಗೆ ಬೇಕಾದದ್ದು ಒಂದೇ ಜಾಗ. ಅವನು ಅದನ್ನು ಪದಶಃ ನನ್ನ ಪ್ರೋಗ್ರಾಮಿಗೆ ಇಳಿಸಿದ್ದಾನೋ ಇಲ್ಲವೋ ನೋಡಬೇಕಿತ್ತು. ಆ ಜಾಗ ಸಿಗುವುದಕ್ಕೆ ನಲವತ್ತು ಪುಟ ತಿರುವಬೇಕಾಯಿತು. ಡಿಸ್ಕಿನ ಭಾಗವನ್ನೆಲ್ಲ ಒಂದೊಂದೇ ಸಾಲು ಬೆರಳಿಟ್ಟು ನೋಡುತ್ತ ಬಂದೆ.

ಸಿಕ್ಕಿತು. ಮತ್ತೆ ನೋಡಿದರೆ ನನ್ನ ಸಾಲಿಗೂ ಅದಕ್ಕೂ ಸಂಬಂಧವೇ ಇಲ್ಲ! ಅವರದು ಹದಿನಾರರಿಂದ ಕೆಳಕ್ಕೆ ಎಣಿಸುತ್ತದೆ, ಸೊನ್ನೆಯಲ್ಲೂ ಒಮ್ಮೆ ಯತ್ನಿಸಿಬಿಡುತ್ತದೆ, ಅದಕ್ಕೇ ಹದಿನೇಳು. ನಮ್ಮದು ಒಂದರಿಂದ ಮೇಲಕ್ಕೆ ಎಣಿಸಿ ಹದಿನೇಳಕ್ಕೆ ನಿಲ್ಲುತ್ತದೆ. ಮೂಲವನ್ನು ನೋಡಿ ಇಳಿಸಿದವರು ಯಾರೂ ನಮ್ಮದರ ಹಾಗೆ ಬರೆಯಲಾರರು. ಅಯ್ಯೋ ದೇವರೇ, ಎಷ್ಟು ಹಗುರಾಯಿತು! ಅಲ್ಲೇ ಅವನ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಆಮೇಲೆ ಎಲ್ಲವನ್ನೂ ಇದ್ದ ಹಾಗೇ ಜೋಡಿಸಿ, ಬೀಗ ಹಾಕಿ, ಕೀಲಿಯನ್ನು ಡಬ್ಬಿಯಲ್ಲಿಟ್ಟು ಬಂದೆ.

ಮಾರ್ಚ್ 18, ಮಂಗಳವಾರ

ಎಷ್ಟು ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ನಾನೇ ಚಹಾ ಮಾಡಿ ಅಣ್ಣನಿಗೆ ಮೆಟ್ಟಿಲವರೆಗೆ ತಂದು ಕೊಟ್ಟೆ. "ಏನಮ್ಮ, ಸೂರ್ಯ ಯಾವ ಕಡೆ ಹುಟ್ಟಿದ?" ಎಂದ. ಅತ್ತಿಗೆಯ ಹೊಸ ಕನ್ನಡಕ ಚೆನ್ನಾಗಿದೆ ಎಂದೆ. ಅವರು ಕನ್ನಡಿ ನೋಡಿಕೊಂಡು ಬಂದರು.

ಕೆಲಸವೂ ಓಡಿತು! ಎರಡು ವಾರದಿಂದ ಕೆಟ್ಟು ನಿಂತಿದ್ದ ಡಿಸ್ಕ್ ಬದಲಾಯಿಸುವ ಭಾಗ ಇವತ್ತು ಒಂದೇ ಗಂಟೆಯಲ್ಲಿ ಮುಗಿಯಿತು. ಕೈ ತಾನಾಗಿಯೇ ಬರೆಯಿತು. ಹಾಳೆ ನೋಡುವ ಅಗತ್ಯವೂ ಬೀಳಲಿಲ್ಲ. ಮನಸ್ಸು ನೆಮ್ಮದಿಯಾಗಿದ್ದರೆ ಕೆಲಸ ಹೇಗೆ ಸಾಗುತ್ತದೆ ನೋಡು.

ಮಾರ್ಚ್ 20, ಗುರುವಾರ

ವಕೀಲಮ್ಮನ ಕಚೇರಿಗೆ ಕರೆಸಿದ್ದರು. ಮೂರನೇ ಮಹಡಿ, ಲಿಫ್ಟ್ ಕೆಟ್ಟಿತ್ತು. ಒಳಗೆ ಹೋದರೆ ಗೋಡೆಯ ಕಪಾಟಿನಲ್ಲಿ ಅಣ್ಣನ ಆ ಚೀಲ! ಅವನ ಬಿಡಿ ಟಿಪ್ಪಣಿಗಳನ್ನೆಲ್ಲ ಭದ್ರವಾಗಿಡಲು ಇವರೇ ತರಿಸಿಕೊಂಡಿದ್ದರಂತೆ. ಮೇಜಿನ ಮೇಲೆ ಮೂವತ್ತು ಹಾಳೆ. ವ್ಯವಸ್ಥೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಜನವರಿಯಲ್ಲೇ ಅತ್ತಿಗೆಯಿಂದ ಮಾದರಿಗೆ ತೆಗೆದುಕೊಂಡಿದ್ದರಂತೆ. ನೋಟೀಸು ಬಂದ ಮೇಲೆ ಅದರ ಬಗ್ಗೆ ತುಟಿ ಬಿಚ್ಚಬೇಡಿ ಎಂದು ಅತ್ತಿಗೆಗೆ ಹೇಳಿದ್ದೂ ಇವರೇ.

"ಇನ್ನೂರ ಹನ್ನೆರಡು ನೋಡಿ," ಎಂದು ಒಂದು ಹಾಳೆ ಮುಂದಕ್ಕೆ ತಳ್ಳಿದರು.

ಅಣ್ಣನ ಅಕ್ಷರ. "ಡಿಸ್ಕ್ ಓದಲಾಗದಿದ್ದರೆ ಹದಿನೇಳು ಸಲ ಯತ್ನಿಸುತ್ತದೆ. ಅವರ ತಪ್ಪೇ ಇರಬೇಕು. ಆದರೆ ಕೆಲವು ಆಟಗಳು ಇದನ್ನೇ ನೆಚ್ಚಿಕೊಂಡಿವೆ, ಹಾಗಾಗಿ ಹದಿನೇಳೇ ಇರಲಿ." ಕೆಳಗೆ ಪೆನ್ನಿನಲ್ಲಿ: "ಹದಿನೇಳೇನಾ? ಖಂಡಿತಾನಾ?" ದಿನಾಂಕ ಆಗಸ್ಟ್ 19. ಆ ಅಕ್ಷರ ನನ್ನದು. ಜ್ವರದಲ್ಲಿ ಓರೆಕೋರೆಯಾಗಿದೆ, ಆದರೆ ನನ್ನದೇ. ಅವತ್ತು ಆ ಸಾಲು ಬರೆದು ಮರೆತವಳೂ ನಾನೇ. ಅದರ ಕೆಳಗೆ ಅಣ್ಣ: "ಖಂಡಿತ. ನೀನು ಮೊದಲು ಮಲಗು."

"ಇದೊಂದೇ ಹಾಳೆ ಸಾಕು," ವಕೀಲಮ್ಮನ ಮುಖದಲ್ಲಿ ಮೊದಲ ಸಲ ನಗು ಕಂಡಿತು. "ಅವರ ತಪ್ಪು ನಿಮಗೆ ಹೇಗೆ ಗೊತ್ತಾಯ್ತು ಅನ್ನೋದಕ್ಕೆ ಉತ್ತರ ಇಲ್ಲಿದೆ. ಇನ್ನು ನಿಮ್ಮ ಪ್ರಮಾಣಪತ್ರ ಒಂದು ಆದ್ರೆ ಮುಗೀತು. ಓದಿ ಸಹಿ ಹಾಕಿ."

ಮೂರು ಸಾಲು. "ನಾನು ಸದರಿ ಯಂತ್ರದ ಮೂಲ ಪ್ರೋಗ್ರಾಮನ್ನು ಎಂದೂ, ಯಾವ ರೂಪದಲ್ಲೂ ನೋಡಿಲ್ಲ."

ಪೆನ್ನು ಕೈಯಲ್ಲಿತ್ತು. ಆಗ ಹೊಳೆಯಿತು ನನಗೆ, ಆಗ! ಮೂರು ದಿನ ಹಬ್ಬದ ಹಾಗೆ ಓಡಾಡಿದವಳಿಗೆ ಆಗ ಕಣ್ಣು ತೆರೆಯಿತು. ಈ ಆರು ವರ್ಷದಲ್ಲಿ ಓದುವವರಿಗೂ ಬರೆಯುವವರಿಗೂ ನಡುವಿನ ಗೋಡೆ ಹಾರಿದವಳು ಒಬ್ಬಳೇ, ಅದೂ ನಾನೇ. ಸಹಿ ಹಾಕಿದ್ದರೆ ಯಾರಿಗೆ ತಿಳಿಯುತ್ತಿತ್ತು? ಕೀಲಿ ಅದರ ಜಾಗದಲ್ಲಿದೆ, ಪುಟಗಳು ಅವುಗಳ ಜಾಗದಲ್ಲಿವೆ. ಪೆನ್ನಿನ ತುದಿಯನ್ನು ಕಾಗದಕ್ಕೆ ತಾಗಿಸಿಯೂ ಇದ್ದೆ. ಡಿಸ್ಕ್ ಬದಲಾಯಿಸುವ ಭಾಗ ನೆನಪಾಯಿತು. ಹಾಳೆ ನೋಡದೆ ಒಂದೇ ಗಂಟೆಯಲ್ಲಿ ಬರೆದೆನಲ್ಲ, ಅದು ಎಲ್ಲಿಂದ ಬಂತು?

"ಮೇಡಂ, 'ಎಂದೂ' ಅಂದ್ರೆ ಯಾವತ್ತಿನವರೆಗೆ?" ಎಂದೆ.

ಅವರ ನಗು ಹೋಯಿತು. ಎದ್ದು ಬಾಗಿಲು ಹಾಕಿ ಬಂದು ಕೂತರು. ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. ಅದೇ ಕಷ್ಟವಾಯಿತು.

"ಯಾವ ದಿನ? ಎಷ್ಟು ಗಂಟೆಗೆ?"

"ಹದಿನೇಳನೇ ತಾರೀಖು ಬೆಳಿಗ್ಗೆ ಹನ್ನೊಂದು."

"ಆಮೇಲೆ ಏನಾದ್ರೂ ಬರೆದ್ರಾ?"

"ಒಂದು ಭಾಗ."

"ಅದನ್ನ ಅಳಿಸಬೇಡಿ. ಮುಟ್ಟಲೂಬೇಡಿ. ಬೇರೆ ಇಡಿ. ಹದಿನೇಳಕ್ಕೆ ಮುಂಚೆ ಬರೆದದ್ದು ಉಳಿಯುತ್ತೆ, ನೀವು ಮೊದಲ ಸಲ ನೋಡಿದ್ದು ಅವತ್ತೇ ಅಂತ ನಾವು ತೋರಿಸೋಕಾದ್ರೆ. ಏನಾದ್ರೂ ದಾಖಲೆ ಇದೆಯಾ?"

"ದಿನಚರಿ ಬರೀತೀನಿ," ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಆಗಲೇ ಬರೆದುಕೊಂಡಿದ್ದರು.

"ಇಡೀ ಪುಸ್ತಕ ಬೇಕು. ಒಂದು ಪುಟ ಹರಿದಿದ್ರೂ ನಿಮ್ಮ ಮಾತನ್ನ ಯಾರೂ ನಂಬಲ್ಲ. ಅವರ ಕಡೆಯವರೂ ಓದ್ತಾರೆ, ನಿಮ್ಮ ಅಣ್ಣನಿಗೂ ತೋರಿಸಬೇಕಾಗುತ್ತೆ. ಮತ್ತೆ ಇದೂ ಗೊತ್ತಿರಲಿ, ಮರಿಯಲ್ಲಿ ಇನ್ನು ಮುಂದೆ ನೀವು ಒಂದು ಸಾಲೂ ಬರೆಯೋ ಹಾಗಿಲ್ಲ."

ಮೂರು ಮಹಡಿ ಇಳಿದದ್ದು ಗೊತ್ತೇ ಆಗಲಿಲ್ಲ.

ಮಾರ್ಚ್ 21, ಶುಕ್ರವಾರ

ಓದಿ ತಿಳಿಯುವ ಮೊದಲು ನನ್ನ ಬಾಯಿಂದಲೇ ತಿಳಿಯಲಿ ಎಂದು ಮಧ್ಯಾಹ್ನದ ಊಟವಾದ ಮೇಲೆ ಇಬ್ಬರಿಗೂ ಹೇಳಿದೆ. ಕೀಲಿ, ಬಸ್ಸು, ದಾರ, ನಲವತ್ತು ಪುಟ, ಎಲ್ಲ. ದಿನಚರಿಯಲ್ಲಿ ಅವರಿಬ್ಬರ ಬಗ್ಗೆ ಏನೇನು ಬರೆದಿದ್ದೇನೆ ಎಂಬುದನ್ನು ಮಾತ್ರ ಹೇಳಲಾಗಲಿಲ್ಲ. ಓದುತ್ತೀರಿ ಎಂದಷ್ಟೇ ಹೇಳಿದೆ.

ಅತ್ತಿಗೆ ತಟ್ಟೆಗಳನ್ನು ಜೋಡಿಸಿಕೊಂಡು ಎದ್ದವರು ಮತ್ತೆ ಕೂತರು.

"ಆ ನಲವತ್ತು ಪುಟ ಓದಿ ಅರ್ಥ ಮಾಡ್ಕೊಳ್ಳೋಕೆ ನನಗೆ ಎಂಟು ತಿಂಗಳು ಬೇಕಾಯ್ತು," ಎಂದ ಅಣ್ಣ. "ಇನ್ನು ಬರೆಯೋರು ಬೇರೆ ಯಾರನ್ನಾದ್ರೂ ಹುಡುಕಬೇಕು. ಜೂನ್ ಒಳಗೆ ಆಗುತ್ತೋ ಇಲ್ವೋ."

"ನನ್ನ ಬೈಯೋ ಅಣ್ಣ."

"ಬೈದು ಏನ್ ಮಾಡ್ಲಿ?"

ನನಗೆ ತಡೆಯಲಾಗಲಿಲ್ಲ. "ನಾನೇನ್ ಮಾಡ್ಬೇಕಿತ್ತು ಹೇಳು. ಕೇಳೋ ಹಾಗಿರ್ಲಿಲ್ಲ. ಮಾತೇ ಆಡಬೇಡಿ ಅಂದಿದ್ರು."

"ಹಾಳೆ ಬಗ್ಗೆ ಕೇಳಬೇಡಿ ಅಂದಿದ್ರು, ಸಾಲಿನ ಬಗ್ಗೆ ಕೇಳಬೇಡಿ ಅಂದಿದ್ರು." ಅವನ ದನಿ ಏರಲಿಲ್ಲ. "'ಅಣ್ಣ, ನೀನು ಮೋಸ ಮಾಡಿದೀಯಾ' ಅಂತ ಕೇಳೋದಕ್ಕೆ ಯಾರು ಅಡ್ಡ ಬಂದಿದ್ರು? ನಾನು ಇಲ್ಲ ಅಂತಿದ್ದೆ."

ನಾನು ಮೇಜಿನ ಮೇಲೆ ಬಿದ್ದ ಅನ್ನದ ಅಗುಳು ಆಯತೊಡಗಿದೆ.

"ಇಲ್ಲ ಅಂದಿದ್ರೆ ನಂಬ್ತಿದ್ಯಾ?"

ನಂಬುತ್ತಿದ್ದೆ ಎನ್ನಲು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಅವನು ಅತ್ತಿಗೆಯ ಕೈಯಿಂದ ತಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದ. ನಲ್ಲಿ ಬಿಟ್ಟ ಸದ್ದು ಕೇಳಿಸಿತು.

ನಾಳೆ ಹತ್ತು ಗಂಟೆಗೆ ಈ ಪುಸ್ತಕ ವಕೀಲಮ್ಮನ ಕೈಗೆ ಹೋಗುತ್ತದೆ. ಸಂಜೆಯಿಂದ ಎರಡು ಸಲ ಎಂಟನೇ ತಾರೀಖಿನ ಪುಟ ತೆರೆದು ಕೂತಿದ್ದೆ. ಅಲ್ಲಿ ಒಂದು ಪದವಿದೆ, ಅತ್ತಿಗೆಯ ಮೇಲೆ ಒಂದು ವಾಕ್ಯವಿದೆ. ಹರಿಯಲು ಮಡಚಿಯೂ ನೋಡಿದೆ, ಆ ಮಡಿಕೆಯ ಗುರುತು ಪುಟದ ಮೇಲೆ ಉಳಿದುಬಿಟ್ಟಿದೆ.

ಅಣ್ಣ, ನೀನು ಇದನ್ನು ಓದುತ್ತೀಯ ಎಂದು ಗೊತ್ತಿದ್ದು ಬರೆಯುತ್ತಿರುವುದು ಇದೊಂದೇ ಪುಟ. ಹಿಂದಿನ ಪುಟಗಳಲ್ಲಿ ಒಂದು ಸಾಲನ್ನೂ ತಿದ್ದಿಲ್ಲ. ತಿದ್ದಬೇಕೆನಿಸಿದ ಸಾಲುಗಳು ಬಹಳ ಇವೆ.